ಹಳೆಯ ಲೆನ್ಸು, ಹೆಸರಿಲ್ಲದ ಮುಖ

ತೊಗರಿ ರಾಶಿಯ ದಿನಗಳಲ್ಲಿ ನಾವು ಕೆಲವು ಗೆಳೆಯರು ತೆಂಗಳಿಗೆ ಹೋಗಿದ್ದೆವು. ಎಲ್ಲರ ಕೊರಳಲ್ಲೂ ಕ್ಯಾಮೆರಾ ಇತ್ತು. ಕ್ಯಾಮೆರಾಗಳು ಹೊಸವು, ಅವುಗಳ ಮುಂದೆ ಕೂರಿಸಿದ್ದ ಲೆನ್ಸುಗಳು ಮಾತ್ರ 40-50 ವರ್ಷ ಹಳೆಯವು, ಕೈಯಿಂದ ತಿರುಗಿಸಿ ಫೋಕಸ್ ಮಾಡಬೇಕಾದಂಥವು. ದಿನವಿಡೀ ಹೊಲ, ಕಣ, ಓಣಿಗಳನ್ನು ಸುತ್ತಿ ಸಂಜೆ ಗೆಳೆಯನೊಬ್ಬನ ಮನೆಯ ಅಂಗಳದಲ್ಲಿ, ಫರ್ಸಿ ಕಲ್ಲಿನ ಮೇಲೆ ಕುಳಿತೆವು. ಈ ಹವ್ಯಾಸದವರ ರೂಢಿಯಂತೆ ಚಿತ್ರಗಳ ವಿನಿಮಯ ಶುರುವಾಯಿತು. ಒಂದು ಮೊಬೈಲಿನಿಂದ ಇನ್ನೊಂದು ಮೊಬೈಲಿಗೆ ಚಿತ್ರ ಹೋಗುತ್ತಿತ್ತು, ಅದರ ಹಿಂದೆಯೇ ಅದರ ಕುಲಗೋತ್ರವೂ ಹೋಗುತ್ತಿತ್ತು. "ಇದು ಟಾಕುಮಾರ್, ಬಣ್ಣ ನೋಡ್ರಿ." "ಇದು ಹೀಲಿಯೋಸ್, ಎಫ್ 2ರಲ್ಲಿ ತೆಗೆದದ್ದು."

ಮನೆಯ ಹಿರಿಯರು ಪಕ್ಕದಲ್ಲೇ ಚಹಾ ಕುಡಿಯುತ್ತ ಕುಳಿತಿದ್ದರು. ಹೊಲದ ಬದುವಿನಲ್ಲಿ ನಿಂತ ಅಜ್ಜಿಯೊಬ್ಬರ ಚಿತ್ರ ಅವರ ಕೈಗೆ ಬಂತು. "ಇದು ಹೀಲಿಯೋಸ್ ರೀ ಕಾಕಾ" ಎಂದು ನಮ್ಮವರೊಬ್ಬರು ಹೆಮ್ಮೆಯಿಂದ ವಿವರಿಸಿದರು. ಕಾಕಾ ಕನ್ನಡಕ ಸರಿಮಾಡಿಕೊಂಡು ಚಿತ್ರವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ಕೇಳಿದರು: "ಈಕಿ ಹೆಸರು ಹೀಲಿಯೋಸ್ ಅಂತ ಯಾವಾಗ ಆಯ್ತಪಾ? ನಮಗ್ಯಾರೂ ಹೇಳಲೇ ಇಲ್ಲ!"

ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಗೊತ್ತಾಯಿತು, ಆ ಅಜ್ಜಿಯ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲೆನ್ಸಿನ ಹೆಸರು, ಅದು ತಯಾರಾದ ಊರು, ಅದರೊಳಗಿನ ಗಾಜುಗಳ ಸಂಖ್ಯೆ ಎಲ್ಲವೂ ಗೊತ್ತಿತ್ತು. ಐದು ನಿಮಿಷ ಎದುರಿಗೆ ನಿಲ್ಲಿಸಿಕೊಂಡ ಮನುಷ್ಯಳನ್ನು ಹೆಸರು ಕೇಳಬೇಕೆಂದು ಹೊಳೆದಿರಲಿಲ್ಲ. ಹಳೆಯ ಲೆನ್ಸುಗಳ ಚಿತ್ರಗಳನ್ನು ಹಂಚಿಕೊಳ್ಳುವ ಈ ಹವ್ಯಾಸದ ಬಗ್ಗೆ ನಾವು ವಿಮರ್ಶೆ ಬರೆಯಲು ಹೊರಟಿರುವುದು ಆ ಪ್ರಶ್ನೆಯ ಕಾರಣದಿಂದ. ಹೊರಗೆ ನಿಂತು ಬರೆಯುತ್ತಿಲ್ಲ. ನಾವೂ ಈ ಗೀಳಿನವರೇ.

ಮೊದಲು ಈ ಹವ್ಯಾಸಕ್ಕೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಬೇಕು. 1985ರಲ್ಲಿ ಜಪಾನಿನ ಮಿನೋಲ್ಟಾ ಕಂಪೆನಿ ತಾನಾಗಿಯೇ ಫೋಕಸ್ ಮಾಡಿಕೊಳ್ಳುವ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದು ಗೆದ್ದಿತು. ನಂತರ ಬೇರೆ ಕಂಪೆನಿಗಳೂ ಅದೇ ದಾರಿ ಹಿಡಿದವು. ಅಲ್ಲಿಯವರೆಗೆ ತಯಾರಾಗಿದ್ದ ಲಕ್ಷಾಂತರ ಲೆನ್ಸುಗಳು ಕಪಾಟು ಸೇರಿದವು. ಕೆಲವು ಗುಜರಿಗೂ ಹೋದವು. ಅವುಗಳಿಗೆ ಮರುಜೀವ ಬಂದದ್ದು 2008ರ ನಂತರ, ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾಗಳು ಬಂದಾಗ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದ ಹೊಟ್ಟೆಯಲ್ಲಿ ಕನ್ನಡಿಯೊಂದು ಏಳುತ್ತ ಬೀಳುತ್ತ ಇರಬೇಕಾಗಿತ್ತು. ಅದಕ್ಕೆ ಜಾಗ ಬಿಡಲು ಲೆನ್ಸು ಫಿಲ್ಮಿನಿಂದ ಸುಮಾರು 45 ಮಿಲಿಮೀಟರ್ ದೂರದಲ್ಲಿ ಕೂರುತ್ತಿತ್ತು. ಹೊಸ ಕ್ಯಾಮೆರಾಗಳಲ್ಲಿ ಕನ್ನಡಿ ಇಲ್ಲ, ಆ ದೂರ 20 ಮಿಲಿಮೀಟರಿನ ಆಸುಪಾಸಿಗೆ ಇಳಿಯಿತು. ಉಳಿದ ಜಾಗವನ್ನು ಒಂದು ಖಾಲಿ ಲೋಹದ ಬಳೆಯಿಂದ ತುಂಬಿದರೆ ಸಾಕು, ಜಗತ್ತಿನ ಯಾವ ಹಳೆಯ ಲೆನ್ಸನ್ನಾದರೂ ಅದಕ್ಕೆ ಜೋಡಿಸಬಹುದು. ಗಾಜೂ ಇಲ್ಲದ, ವಿದ್ಯುತ್ತೂ ಇಲ್ಲದ ಆ ಬಳೆ ಎಸೆದುಹೋಗಬೇಕಾಗಿದ್ದ ವಸ್ತುಗಳನ್ನು ಉಳಿಸಿತು.

ನಮ್ಮಂಥ ಜೇಬಿನವರಿಗೆ ಇದು ದೊಡ್ಡ ಉಪಕಾರ. ಹೊಸ ಲೆನ್ಸಿನ ಬೆಲೆ ಕೇಳಿದರೆ ತಿಂಗಳ ಸಂಬಳ ನೆನಪಾಗುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಅಪಾರ ಸಂಖ್ಯೆಯಲ್ಲಿ ತಯಾರಾದ, 58 ಮಿಲಿಮೀಟರಿನ ಹೀಲಿಯೋಸ್ ಲೆನ್ಸು ಅದರ ಹತ್ತನೇ ಒಂದು ಪಾಲಿಗೆ ಸಿಗಬಹುದು. ಜರ್ಮನಿಯ ಝೈಸ್ ಕಂಪೆನಿಯ ಬಯೋಟಾರ್ ಲೆನ್ಸಿನ ವಿನ್ಯಾಸವನ್ನೇ ಆಧರಿಸಿದ್ದು ಅದು. ಈ ಲೆನ್ಸುಗಳಿಗೆ ಮನುಷ್ಯರ ಹಾಗೆ ಕಾಯಿಲೆಗಳೂ ಇವೆ. ತೇವದ ಊರಿನಲ್ಲಿದ್ದರೆ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ. ಗ್ರೀಸು ಒಣಗಿದರೆ ಫೋಕಸ್ ಉಂಗುರ ಬಿಗಿಯಾಗುತ್ತದೆ. ಥೋರಿಯಂ ಬೆರೆಸಿದ ಗಾಜಿನ ಕೆಲವು ಟಾಕುಮಾರ್ ಲೆನ್ಸುಗಳು ವರ್ಷ ಕಳೆದಂತೆ ಹಳದಿಯಾಗುತ್ತವೆ. ಬಿಸಿಲಿಗಿಟ್ಟರೆ ಆ ಹಳದಿ ತಿಳಿಯಾಗುತ್ತದೆ. ಕಲಬುರಗಿಯ ಬಿಸಿಲನ್ನು ಬೈಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಂಥ ಅನುಭವಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದರಿಂದಲೇ ಈ ಕಸುಬಿನ ತಿಳಿವಳಿಕೆ ಉಳಿದಿದೆ. ಚಿತ್ರದ ಜೊತೆಗೆ ಲೆನ್ಸಿನ ಹೆಸರು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಹೇಳುವುದು ಅದೊಂದನ್ನೇ ಆದಾಗ ನಮ್ಮ ತಕರಾರು ಶುರುವಾಗುತ್ತದೆ.

ಈಗ ಆ ಅಜ್ಜಿಯ ಚಿತ್ರವನ್ನೇ ನೋಡೋಣ. ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಮೆಚ್ಚುಗೆ ಪಡೆದದ್ದು ಅದು. ಮೆಚ್ಚುಗೆ ಸುಳ್ಳಲ್ಲ, ಚಿತ್ರ ನಿಜಕ್ಕೂ ಚೆಲುವಾಗಿದೆ. ಮುಖದ ಒಂದೊಂದು ಗೆರೆಯೂ ಎಣಿಸುವ ಹಾಗಿದೆ. ಹಿಂದೆ ಇನ್ನೂ ಕೊಯ್ಯದ ತೊಗರಿ ಹೊಲ. ಅದು ಹೊಲವಾಗಿ ಕಾಣುವುದಿಲ್ಲ. ಹಸಿರು ಮತ್ತು ಬೆಳಕು ಸೇರಿ ಅಜ್ಜಿಯ ತಲೆಯ ಸುತ್ತ ಸುಳಿಯಾಗಿ ತಿರುಗಿದಂತೆ ಕಾಣುತ್ತದೆ. ಈ ಸುಳಿಗಾಗಿಯೇ ಹೀಲಿಯೋಸ್ ಪ್ರಸಿದ್ಧ. ಇದರ ಕಾರಣ ಸರಳ. ಲೆನ್ಸಿನ ನಡುವಿನಿಂದ ಬರುವ ಬೆಳಕು ಪೂರ್ತಿ ದುಂಡಗೆ ಒಳಗೆ ಬರುತ್ತದೆ. ಅಂಚಿನಿಂದ ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆಯೇ ಸ್ವಲ್ಪ ಕತ್ತರಿಸುತ್ತದೆ. ಹೀಗಾಗಿ ನಡುವೆ ದುಂಡಗಿರುವ ಬೆಳಕಿನ ಚುಕ್ಕೆಗಳು ಅಂಚಿಗೆ ಹೋದಂತೆ ನಿಂಬೆಕಾಯಿಯ ಆಕಾರ ತಾಳಿ ಒಂದು ಕೇಂದ್ರದ ಸುತ್ತ ಸಾಲುಗಟ್ಟುತ್ತವೆ. ಎಲೆಗಳ ನಡುವೆ ಬೆಳಕು ಇಣುಕುವ ಜಾಗ ಸಿಕ್ಕರೆ ಸುಳಿ ಇನ್ನೂ ಚೆನ್ನಾಗಿ ಏಳುತ್ತದೆ. ತೊಗರಿ ಹೊಲ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಲೆನ್ಸು ತಯಾರಿಸಿದವರ ಕಾಲದಲ್ಲಿ ಇದು ದೋಷ. ಇಂದು ಅದನ್ನೇ ನಾವು ಸೊಗಸು ಎನ್ನುತ್ತೇವೆ. ದೋಷವನ್ನು ಸೊಗಸಾಗಿ ಕಾಣುವುದು ಕಲೆಯ ಹಕ್ಕು, ಅದರ ಬಗ್ಗೆ ಜಗಳವಿಲ್ಲ. ಆದರೆ ಈ ಸೊಗಸಿಗೆ ತೆತ್ತ ಬೆಲೆ ಏನು? ಒಂದೂವರೆ ಮೀಟರ್ ದೂರದಿಂದ ಎಫ್ 2ರಲ್ಲಿ ತೆಗೆದ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವುದು ಸುಮಾರು 8 ಸೆಂಟಿಮೀಟರಿನಷ್ಟು ಆಳ ಮಾತ್ರ. ಮೂಗಿನಿಂದ ಕಿವಿಯವರೆಗಿನ ದೂರ ಅಂದುಕೊಳ್ಳಿ. ಅದರಾಚೆಗಿನ ಲೋಕವೆಲ್ಲ ಕರಗುತ್ತದೆ. ತೆಂಗಳಿಯೂ ಕರಗಿತು. ಆ ಚಿತ್ರವನ್ನು ತೋರಿಸಿ ಇದು ತಮಿಳುನಾಡು ಎಂದರೂ ನಂಬಬಹುದು, ಬರ್ಮಾ ಎಂದರೂ ನಂಬಬಹುದು. ನಾವು ಅಂದು ತೆಗೆದ ಚಿತ್ರಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಹತ್ತಾರು ಮುಖಗಳು ಸಿಗುತ್ತವೆ, ಊರು ಸಿಗುವುದಿಲ್ಲ. ಸುಣ್ಣದ ಕಲ್ಲಿನ ಗೋಡೆಗಳು, ಚಪ್ಪರದ ಕೆಳಗಿನ ಎಮ್ಮೆಗಳು, ಕಪ್ಪು ಮಣ್ಣಿನ ಬಿರುಕುಗಳು ಎಲ್ಲವೂ ಬಣ್ಣದ ಮಂಜಾಗಿ ಹೋಗಿವೆ.

ಹಳೆಯ ಉಪಕರಣದ ಚಿತ್ರವೆಂದರೆ ಮಸುಕು ಎಂಬುದೇನೂ ನಿಯಮವಲ್ಲ. ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಸೈನ್ಯದ ಅಧಿಕಾರಿ 1856ರಲ್ಲಿ ಹಂಪಿಯ ಚಿತ್ರಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದ. ಅವನ ಕ್ಯಾಮೆರಾ ನಮ್ಮ ಲೆನ್ಸುಗಳಿಗೆ ಮುತ್ತಜ್ಜನಾಗಬೇಕು. ಆದರೂ ಅವನ ಚಿತ್ರಗಳಲ್ಲಿ ಗೋಪುರವೂ ಇದೆ, ಅದರ ಹಿಂದಿನ ಬಂಡೆಗಳೂ ಇವೆ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಹಂಪಿಯಲ್ಲಿ ಏನು ಬಿದ್ದಿತು, ಏನನ್ನು ಮತ್ತೆ ನಿಲ್ಲಿಸಲಾಯಿತು ಎಂದು ಓದಬಹುದು. ನಮ್ಮ ತೆಂಗಳಿಯ ಚಿತ್ರಗಳನ್ನು ಹಿಡಿದು ಮುಂದೊಂದು ದಿನ ಯಾರಾದರೂ ನಾವು ನಿಂತ ಜಾಗ ಹುಡುಕಿಕೊಂಡು ಬಂದರೆ ಅವರಿಗೆ ಏನು ಸಿಗುತ್ತದೆ? ಸುಣ್ಣದ ಕಲ್ಲಿನ ಗಣಿ, ಸಿಮೆಂಟಿನ ಕಾರ್ಖಾನೆಗಳು ನೆಲದ ಮುಖವನ್ನೇ ಬದಲಿಸುತ್ತಿರುವ ಈ ಸೇಡಂ, ಚಿತ್ತಾಪುರ, ವಾಡಿಗಳ ಸೀಮೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಊರಿನ ಮಾತು ಇಷ್ಟಾಯಿತು. ಹೆಸರಿನ ಮಾತಿಗೆ ಬರೋಣ. ಕರ್ನಾಟಕದಲ್ಲಿ ಕೈಯಿಂದ ಫೋಕಸ್ ಮಾಡಿ ಅದ್ಭುತ ಚಿತ್ರ ತೆಗೆದವರ ದೊಡ್ಡ ಪರಂಪರೆಯೇ ಇದೆ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಕಾಡಿನಲ್ಲಿ ಗಂಟೆಗಟ್ಟಲೆ ಕಾದು ಚಿತ್ರ ತೆಗೆದವರು. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದರು. ಇವರ ಚಿತ್ರಗಳ ಕೆಳಗೆ ಏನಿರುತ್ತದೆ ಗಮನಿಸಿ. ಪ್ರಾಣಿಯ ಹೆಸರು, ಹಕ್ಕಿಯ ಹೆಸರು. ತೇಜಸ್ವಿಯವರಂತೂ 'ಕನ್ನಡ ನಾಡಿನ ಹಕ್ಕಿಗಳು' ಪುಸ್ತಕದಲ್ಲಿ ಹಕ್ಕಿಗಳನ್ನು ಕನ್ನಡದ ಹೆಸರು ಹಿಡಿದು ಪರಿಚಯಿಸಿದರು. ಗುಬ್ಬಚ್ಚಿಯ ಚಿತ್ರಕ್ಕೆ ಗುಬ್ಬಚ್ಚಿ ಎಂದು ಬರೆಯದೆ ಲೆನ್ಸಿನ ಹೆಸರು ಬರೆದು ಬಿಟ್ಟರೆ ಪಕ್ಷಿಪ್ರಿಯರು ನಗುತ್ತಾರೆ. ತೆಂಗಳಿಯ ಅಜ್ಜಿಯ ವಿಷಯದಲ್ಲಿ ನಾವು ಹಾಗೆ ಮಾಡಿದಾಗ ನಕ್ಕವರು ಕಾಕಾ ಒಬ್ಬರೇ.

ಈ ಮರೆವು ನಮ್ಮೂರಿನದಷ್ಟೇ ಅಲ್ಲ. ಹಳೆಯ ಲೆನ್ಸುಗಳ ಪ್ರಿಯರೆಲ್ಲ ಭಕ್ತಿಯಿಂದ ಹೆಸರಿಸುವ ಲೆನ್ಸೊಂದಿದೆ: ನಿಕಾನ್ ಕಂಪೆನಿಯ 105 ಮಿಲಿಮೀಟರ್, ಎಫ್ 2.5. ಅದನ್ನು ಅವರು ಕರೆಯುವುದೇ 'ಅಫ್ಘಾನ್ ಹುಡುಗಿಯ ಲೆನ್ಸು' ಎಂದು. 1984ರಲ್ಲಿ ಅಮೆರಿಕದ ಸ್ಟೀವ್ ಮೆಕರಿ ಪೆಶಾವರದ ಬಳಿಯ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ, ಡೇರೆಯೊಳಗಿನ ಶಾಲೆಯೊಂದರಲ್ಲಿ, ಸುಮಾರು 12 ವರ್ಷದ ಬಾಲಕಿಯ ಚಿತ್ರವನ್ನು ಆ ಲೆನ್ಸಿನಿಂದ ತೆಗೆದರು. 1985ರ ಜೂನ್ ತಿಂಗಳ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ ಮುಖಪುಟದಲ್ಲಿ ಅದು ಬಂತು. ಕೆಂಪು ದುಪಟ್ಟಾ, ಹಸಿರು ಕಣ್ಣು. ಜಗತ್ತು ಆ ಕಣ್ಣುಗಳಿಗೆ ಮರುಳಾಯಿತು. ಯಾವ ಕ್ಯಾಮೆರಾ, ಯಾವ ಲೆನ್ಸು, ಯಾವ ಫಿಲ್ಮು ಎಂಬುದೆಲ್ಲ ಛಾಯಾಗ್ರಾಹಕರ ಬಾಯಲ್ಲಿ ಪಾಠದಂತೆ ಹರಿದಾಡಿತು. ಆ ಹುಡುಗಿಯ ಹೆಸರು ಮಾತ್ರ 17 ವರ್ಷ ಯಾರಿಗೂ ಗೊತ್ತಿರಲಿಲ್ಲ.

ಅವಳ ಹೆಸರು ಶರ್ಬತ್ ಗುಲಾ. 2002ರಲ್ಲಿ ಪತ್ರಿಕೆಯವರು ಅವಳನ್ನು ಹುಡುಕಿದಾಗ, ಅವಳೇ ಹೌದೋ ಅಲ್ಲವೋ ಎಂದು ಕಣ್ಣಪಾಪೆಯ ಗುರುತಿನಿಂದ ಖಚಿತಪಡಿಸಿಕೊಳ್ಳಬೇಕಾಯಿತು. ಕೋಟ್ಯಂತರ ಜನ ಕಂಡಿದ್ದ ತನ್ನ ಚಿತ್ರವನ್ನು ಆಕೆ ಅಲ್ಲಿಯವರೆಗೆ ಒಮ್ಮೆಯೂ ಕಂಡಿರಲಿಲ್ಲ. ಅಂದು ಅಪರಿಚಿತನೊಬ್ಬ ಚಿತ್ರ ತೆಗೆದಾಗ ತನಗೆ ಸಿಟ್ಟು ಬಂದಿತ್ತೆಂದು ಆಕೆ ನೆನಪಿಸಿಕೊಂಡಳು. ಲೋಕ ಆ ಸಿಟ್ಟನ್ನು ಸೌಂದರ್ಯ ಎಂದು ಓದಿತ್ತು. ಕಥೆ ಅಲ್ಲಿಗೇ ನಿಲ್ಲಲಿಲ್ಲ. 2016ರಲ್ಲಿ ಪಾಕಿಸ್ತಾನದಲ್ಲಿ ನಕಲಿ ಗುರುತಿನ ಚೀಟಿಯ ಆರೋಪದ ಮೇಲೆ ಆಕೆಯನ್ನು ಬಂಧಿಸಿ ಅಫ್ಘಾನಿಸ್ತಾನಕ್ಕೆ ಕಳಿಸಲಾಯಿತು. 2021ರಲ್ಲಿ ತಾಲಿಬಾನ್ ಮರಳಿದ ಮೇಲೆ ಇಟಲಿ ಆಶ್ರಯ ಕೊಟ್ಟಿತು. ಜಗತ್ತಿನ ಅತ್ಯಂತ ಪರಿಚಿತ ಮುಖಗಳಲ್ಲೊಂದರ ಒಡತಿ ತಾನು ಯಾರೆಂದು ತೋರಿಸುವ ಒಂದು ಚೀಟಿಗಾಗಿ ಜೈಲು ಕಂಡಳು. ಇಷ್ಟಾದ ಮೇಲೂ ಆ ಲೆನ್ಸು ಮಾರುವವರು 'ಅಫ್ಘಾನ್ ಹುಡುಗಿಯ ಲೆನ್ಸು' ಎಂದೇ ಕೂಗುತ್ತಾರೆ. ಹುಡುಗಿಯ ಹೆಸರಿನಲ್ಲಿ ಲೆನ್ಸಿಗೆ ಬೆಲೆ ಬಂತು. ಲೆನ್ಸಿನಿಂದ ಹುಡುಗಿಗೆ ಏನು ಬಂತು ಎಂದು ಕೇಳಿದರೆ ಉತ್ತರ ಸುಲಭವಲ್ಲ.

ಕ್ಯಾಮೆರಾ ನಮ್ಮ ದೇಶಕ್ಕೆ ಬಂದ ಕಾಲದಿಂದಲೂ ಈ ಅಭ್ಯಾಸ ಇದೆ. 1868ರಿಂದ 1875ರವರೆಗೆ ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಹೆಸರಿನಲ್ಲಿ 8 ಸಂಪುಟಗಳಷ್ಟು ಭಾರತೀಯರ ಚಿತ್ರಗಳನ್ನು ಪ್ರಕಟಿಸಿದರು. ಅದರಲ್ಲಿ ಬಹುಪಾಲು ಮುಖಗಳಿಗೆ ಜಾತಿಯ, ಬುಡಕಟ್ಟಿನ ಹಣೆಪಟ್ಟಿ ಇದೆ; ಮನುಷ್ಯನ ಹೆಸರಿಲ್ಲ. 1876-78ರಲ್ಲಿ ನಮ್ಮ ಹಿರಿಯರು ಧಾತು ಈಶ್ವರದ ಬರ ಎಂದು ಕರೆದ ಆ ಭೀಕರ ಬರಗಾಲದಲ್ಲಿ, ವಿಲೋಬಿ ಹೂಪರ್ ಎಂಬ ಸೈನ್ಯಾಧಿಕಾರಿ ಮದರಾಸು ಪ್ರಾಂತ್ಯದಲ್ಲಿ ಎಲುಬಿನ ಹಂದರಗಳಾಗಿದ್ದ ಜನರನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆದ. ಆ ಚಿತ್ರಗಳು ಬರದ ಸಾಕ್ಷಿಯಾಗಿ ಉಳಿದವು, ನಿಜ. ಆದರೆ ಅವರು ಯಾರು, ಯಾವ ಊರಿನವರು, ಬದುಕಿದರೋ ಸತ್ತರೋ ಎಂದು ಅವು ಹೇಳುವುದಿಲ್ಲ. ಅಂದು ಹೆಸರಿನ ಜಾಗದಲ್ಲಿ ಜಾತಿ ಕುಳಿತಿತ್ತು. ಇಂದು ಅದೇ ಜಾಗದಲ್ಲಿ ನಾವು ಲೆನ್ಸನ್ನು ಕೂರಿಸಿದ್ದೇವೆ. ನಮ್ಮ ಉದ್ದೇಶ ಅವರದ್ದಲ್ಲ ಎಂಬುದು ಸಮಾಧಾನದ ಮಾತಾಗಬಹುದು, ಉತ್ತರವಾಗಲಾರದು.

ಬೇರೆ ದಾರಿ ಇರಲಿಲ್ಲವೇ? ಇತ್ತು, ಅದೂ ನಮ್ಮ ನೆಲದಲ್ಲೇ. ಚಿತ್ತಾಪುರ ಸೀಮೆಯಲ್ಲಿ ಭೀಮಾ ನದಿಯ ದಂಡೆಗೆ ಸನ್ನತಿ, ಅದರ ಬಳಿ ಕನಗನಹಳ್ಳಿ. ಅಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದಾಗ ಬೌದ್ಧ ಸ್ತೂಪದ ಅವಶೇಷಗಳ ನಡುವೆ ಒಂದು ಶಿಲ್ಪ ಸಿಕ್ಕಿತು. ರಾಜ, ರಾಣಿ, ಜೊತೆಗೆ ಪರಿಚಾರಿಕೆಯರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕೋ' ಎಂದು ಬರೆದಿದೆ. ಈ ಎರಡು ಪದಗಳು ಇಲ್ಲದೆ ಹೋಗಿದ್ದರೆ ಅದು ಯಾರೋ ಒಬ್ಬ ರಾಜನ ಶಿಲ್ಪವಾಗಿ ಉಳಿಯುತ್ತಿತ್ತು. ಹೆಸರು ಇದ್ದುದರಿಂದ ಅದು ಅಶೋಕನದಾಯಿತು, ದೇಶವೇ ತಿರುಗಿ ನೋಡಿತು. ರಾಜನಾದ್ದರಿಂದ ಹೆಸರು ಬರೆದರು ಎನ್ನಬಹುದು. ಆದರೆ ಅದೇ ಸ್ತೂಪದ ಕಲ್ಲುಗಳ ಮೇಲೆ ದಾನ ಕೊಟ್ಟ ಸಾಮಾನ್ಯರ ಹೆಸರುಗಳೂ ಇವೆ. ಯಾವ ಉಳಿಯಿಂದ ಕೆತ್ತಿದರು ಎಂದು ಮಾತ್ರ ಎಲ್ಲಿಯೂ ಬರೆದಿಲ್ಲ. ಸುಮಾರು 2 ಸಾವಿರ ವರ್ಷಗಳ ಹಿಂದೆ ಇದೇ ಸುಣ್ಣದ ಕಲ್ಲಿನ ಸೀಮೆಯಲ್ಲಿ ಕೆಲಸ ಮಾಡಿದ ಶಿಲ್ಪಿಗಳಿಗೆ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬುದು ನಮಗಿಂತ ಚೆನ್ನಾಗಿ ಗೊತ್ತಿತ್ತು.

ಅಷ್ಟು ಹಿಂದೆ ಹೋಗುವುದೂ ಬೇಡ. ನಮ್ಮ ಪೇಟೆಗಳ ಸ್ಟುಡಿಯೋಗಳನ್ನು ನೆನೆಯಿರಿ. ಮೇಲಿನಿಂದ ಬಗ್ಗಿ ನೋಡುವ ಯಾಶಿಕಾ ಕ್ಯಾಮೆರಾ, ಬಣ್ಣ ಬಳಿದ ಪರದೆ, ಕಣ್ಣು ಕುಕ್ಕುವ ದೀಪ. ಆ ಫೋಟೋದವರೂ ಕೈಯಿಂದಲೇ ಫೋಕಸ್ ಮಾಡುತ್ತಿದ್ದರು. ಇಂದು ನಾವು 'ವಿಂಟೇಜ್' ಎಂದು ಮುದ್ದು ಮಾಡುವ ಲೆನ್ಸುಗಳು ಅವರಿಗೆ ಹೊಟ್ಟೆಪಾಡಿನ ಸಾಮಾನು. ಬಂದವರು ತಮಗೆ ಬೇಕಾದ ಅಂಗಿ ತೊಟ್ಟು, ಬೇಕಾದ ಪರದೆಯ ಮುಂದೆ, ಬೇಕಾದ ಹಾಗೆ ನಿಲ್ಲುತ್ತಿದ್ದರು. ಲಕೋಟೆಯ ಮೇಲೆ ಹೆಸರು ಮತ್ತು ನೆಗೆಟಿವ್ ನಂಬರು. ನಾಲ್ಕು ದಿನ ಬಿಟ್ಟು ಹೋದರೆ ಚಿತ್ರ ಕೈಗೆ. ಅದರಲ್ಲೊಂದು ಪ್ರತಿ ಊರಿಗೆ, ಒಂದು ಬೀಗರ ಮನೆಗೆ, ಒಂದು ಗೋಡೆಗೆ. ಅಲ್ಲಿ ಚಿತ್ರ ಹಂಚುತ್ತಿದ್ದವರು ಚಿತ್ರದಲ್ಲಿದ್ದವರೇ. ಬಡವರ, ಮುಸಲ್ಮಾನರ, ದಲಿತರ ಎಷ್ಟೋ ಮನೆಗಳಲ್ಲಿ ತೀರಿಕೊಂಡ ತಾಯಿಯ ಗುರುತಿಗೆ ಉಳಿದಿರುವುದು ಇಂಥ ಒಂದೇ ಚಿತ್ರ. ಅದೂ ಇಲ್ಲದ ಮನೆಗಳಲ್ಲಿ ಮತದಾರರ ಗುರುತಿನ ಚೀಟಿಯ ಮಸುಕು ಮುಖವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದನ್ನು ನಾವು ನೋಡಿದ್ದೇವೆ. ಒಂದು ಕಡೆ ಒಂದು ಚಿತ್ರಕ್ಕೂ ಬರ, ಇನ್ನೊಂದು ಕಡೆ ಅದೇ ಜನರ ಸಾವಿರ ಚಿತ್ರಗಳು ನಮ್ಮಂಥವರ ಮೊಬೈಲುಗಳಲ್ಲಿ ಓಡಾಡುತ್ತಿವೆ.

ಕನ್ನಡದಲ್ಲಿ ಎರಡು ಮಾತುಗಳಿವೆ: ಹಂಚುವುದು, ಹರಡುವುದು. ಹಂಚುವುದೆಂದರೆ ಪಾಲು ಕೊಡುವುದು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುತ್ತಾರೆ, ಬಕ್ರೀದ್ ಹಬ್ಬದ ದಿನ ಮಾಂಸ ಹಂಚುತ್ತಾರೆ, ಜಾತ್ರೆಯಲ್ಲಿ ಪ್ರಸಾದ ಹಂಚುತ್ತಾರೆ. ಪಾಲುದಾರನನ್ನು ಬಿಟ್ಟು ಮಾಡಿದ್ದು ಹಂಚಿಕೆ ಅಲ್ಲ. ಹರಡುವುದಕ್ಕೆ ಪಾಲುದಾರರು ಬೇಕಿಲ್ಲ. ಸುದ್ದಿ ಹರಡುತ್ತದೆ, ರೋಗ ಹರಡುತ್ತದೆ. ಅಜ್ಜಿಯ ಚಿತ್ರ ಕಲಬುರಗಿಗೆ, ಹೈದರಾಬಾದಿಗೆ, ಬೆಂಗಳೂರಿಗೆ ಹೋಯಿತು. ಅಜ್ಜಿಗೆ ಹೋಗಲಿಲ್ಲ. ಹಾಗಾದರೆ ನಾವು ಮಾಡಿದ್ದು ಯಾವುದು?

ಇಲ್ಲೊಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಹೆಸರು, ಊರು ಎಲ್ಲವನ್ನೂ ಚಿತ್ರದ ಜೊತೆ ಬರೆದರೆ ಆ ಮನುಷ್ಯರಿಗೇ ತೊಂದರೆಯಾಗಬಹುದಲ್ಲವೇ? ಆಗಬಹುದು. ಹೆಣ್ಣುಮಕ್ಕಳ ಚಿತ್ರ ಮನೆಯೊಳಗೆ ಇರಲಿ, ಬೀದಿಗೆ ಬೇಡ ಎನ್ನುವ ಮನೆಗಳು ನಮ್ಮಲ್ಲಿ ಬಹಳ ಇವೆ, ಮುಸಲ್ಮಾನರಲ್ಲಿ ಮಾತ್ರವಲ್ಲ. ಅದನ್ನು ಹಿಂದುಳಿದ ಬುದ್ಧಿ ಎಂದು ಛಾಯಾಗ್ರಾಹಕರು ಗೊಣಗುವುದನ್ನು ಕೇಳಿದ್ದೇವೆ. ತನ್ನ ಮುಖ ಎಲ್ಲಿಯವರೆಗೆ ಹೋಗಬೇಕು ಎಂದು ಹೇಳುವ ಹಕ್ಕು ಆ ಮುಖದ್ದೇ. ಆದ್ದರಿಂದ ಎಲ್ಲ ಚಿತ್ರಕ್ಕೂ ಹೆಸರು ಬರೆಯಿರಿ ಎಂದು ನಾವು ಹೇಳುತ್ತಿಲ್ಲ. ಹೆಸರನ್ನು ಕೇಳಿ, ತಿಳಿದುಕೊಳ್ಳಿ, ಬರೆಯಲೋ ಬೇಡವೋ ಎಂದೂ ಕೇಳಿ, ಬೇಡವೆಂದರೆ ಬಿಡಿ. ಚಿತ್ರವೇ ಬೇಡವೆಂದರೆ ಅದನ್ನೂ ಬಿಡಿ. ಕೇಳಿ ತಿಳಿದು ಮುಚ್ಚಿಟ್ಟ ಹೆಸರಿಗೂ, ಕೇಳಲೇಬೇಕೆಂದು ಅನಿಸದೆ ಬಿಟ್ಟುಹೋದ ಹೆಸರಿಗೂ ಬಹಳ ಅಂತರವಿದೆ.

ವಿಚಿತ್ರವೆಂದರೆ, ಕೇಳುವುದಕ್ಕೆ ಹಳೆಯ ಲೆನ್ಸಿನಷ್ಟು ಅನುಕೂಲ ಮಾಡಿಕೊಡುವ ಉಪಕರಣ ಬೇರೊಂದಿಲ್ಲ. ಮೊಬೈಲಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಚಿತ್ರ ಕದಿಯಬಹುದು. ಹೀಲಿಯೋಸಿನಲ್ಲಿ ಆಗುವುದಿಲ್ಲ. ಉಂಗುರ ತಿರುಗಿಸಬೇಕು, ಮುಂದೆ ಹೋಗಿ ಹಿಂದೆ ಬಂತೋ ನೋಡಬೇಕು, ಎದುರಿನವರು ಅಲುಗಾಡಿದರೆ ಮತ್ತೆ ಮೊದಲಿನಿಂದ. "ಸ್ವಲ್ಪ ಹಂಗೇ ಇರ್ರಿ" ಎಂದು ಕೇಳಿಕೊಳ್ಳಲೇಬೇಕು. ಎದುರಿನವರು ಒಪ್ಪಿ ನಿಂತರೆ ಮಾತ್ರ ಚಿತ್ರ. ಅಂದರೆ ಇಂಥ ಲೆನ್ಸಿನಿಂದ ತೆಗೆದ ಮುಖಚಿತ್ರ ಇಬ್ಬರು ಸೇರಿ ಮಾಡಿದ ಕೆಲಸ. ಆ ಅಜ್ಜಿ ನಮಗಾಗಿ ಕೆಲಸ ಬಿಟ್ಟು, ಬಿಸಿಲಿನಲ್ಲಿ, ಉಸಿರು ಬಿಗಿಹಿಡಿದು ನಿಂತಿದ್ದರು. ಲೆನ್ಸು ನಮಗೆ ಐದು ನಿಮಿಷದ ಸಂಗ ಕೊಟ್ಟಿತ್ತು. ನಾವು ಆ ಐದು ನಿಮಿಷವನ್ನೂ ಉಂಗುರದ ಮೇಲೆಯೇ ಕಳೆದೆವು.

ಕೆಲವು ವಾರಗಳ ನಂತರ ಚಿತ್ರವನ್ನು ಕಲಬುರಗಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಮತ್ತೆ ತೆಂಗಳಿಗೆ ಹೋದೆವು. ಕಾಕಾ ಮನೆ ತೋರಿಸಿದರು. ಅಜ್ಜಿ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ನಾವು ಮೆಚ್ಚುಗೆಗೆ ಕಾದು ಕುಳಿತೆವು.

"ಮಾರಿ ಛಲೋ ಬಂದದ ಯಪ್ಪಾ. ಗಿಡ ಎಲ್ಲಿ ಹೋಗ್ಯಾದ?"

"ಯಾವ ಗಿಡ, ಆಯಿ?"

"ನನ್ನ ಹಿಂದ ಬೇವಿನ ಗಿಡ ಇತ್ತಲ್ಲ, ಹೊಲದ ಮೂಲ್ಯಾಗ. ನಮ್ಮ ಮನ್ಯಾಗಿನವ್ರು ಹಚ್ಚಿದ್ದು. ಅದು ಬರಲಿ ಅಂತನೇ ಅಲ್ಲಿ ನಿಂತಿದ್ದೆ."

ನಾವು ಚಿತ್ರವನ್ನು ಮತ್ತೆ ನೋಡಿದೆವು. ಸುಳಿಯ ಬಲಗಡೆ ಅಂಚಿನಲ್ಲಿ ಕಡುಹಸಿರಿನ ಒಂದು ಮುದ್ದೆ ಇತ್ತು. ಅದನ್ನು ನಮ್ಮ ಗೆಳೆಯರೊಬ್ಬರು ವಿಶೇಷವಾಗಿ ಹೊಗಳಿದ್ದು ನೆನಪಾಯಿತು. ಅಲ್ಲಿ ಎಲ್ಲಿ ನಿಲ್ಲಬೇಕೆಂದು ಅಜ್ಜಿ ತಾವೇ ಆರಿಸಿಕೊಂಡಿದ್ದರು, ಗಂಡನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಂತೆ. ನಾವು ಲೆನ್ಸಿನ ದೊಡ್ಡ ಕಣ್ಣು ತೆರೆದು ಅದನ್ನು ಅಳಿಸಿದ್ದೆವು. ಈ ಚಿತ್ರದ ಮೇಲೆ ಇದಕ್ಕಿಂತ ನೇರವಾದ ವಿಮರ್ಶೆ ನಮಗೆ ಇನ್ನೂ ಸಿಕ್ಕಿಲ್ಲ.

ಅಂದೇ ಮತ್ತೆ ಹೊಲಕ್ಕೆ ಹೋದೆವು. ಅಷ್ಟರಲ್ಲಿ ತೊಗರಿ ಕೊಯ್ದಾಗಿತ್ತು, ಕೂಳೆಯಷ್ಟೇ ಉಳಿದಿತ್ತು. ಅಜ್ಜಿ ಸೆರಗು ಸರಿಮಾಡಿಕೊಂಡು ಅದೇ ಜಾಗದಲ್ಲಿ ನಿಂತರು. ನಾವು ನಾಲ್ಕು ಹೆಜ್ಜೆ ಹಿಂದೆ ಸರಿದು ಉಂಗುರವನ್ನು 16ಕ್ಕೆ ತಿರುಗಿಸಿದೆವು. ಸುಳಿ ಬರಲಿಲ್ಲ. ಕಪ್ಪು ನೆಲ ಬಂತು, ಬದು ಬಂತು, ಬೇವಿನ ಗಿಡ ಬಂತು. ಮುಖ ಮೊದಲಿನಷ್ಟು ದೊಡ್ಡದಾಗಿಲ್ಲ, ಅದರ ಗೆರೆಗಳನ್ನು ಎಣಿಸಲು ಬರುವುದಿಲ್ಲ. ಗೆಳೆಯರ ಗುಂಪಿಗೆ ಕಳಿಸಿದರೆ ಇದರಲ್ಲೇನಿದೆ ವಿಶೇಷ, ಯಾವ ಲೆನ್ಸಿನಿಂದಲೂ ತೆಗೆಯಬಹುದಲ್ಲ ಎನ್ನುತ್ತಾರೆ. ಅದು ನಿಜವೂ ಹೌದು.

ಅದನ್ನು ನಾವು ಗುಂಪಿಗೆ ಕಳಿಸಿಲ್ಲ. ಎರಡು ಪ್ರತಿ ಹಾಕಿಸಿದೆವು, ಎರಡೂ ತೆಂಗಳಿಯಲ್ಲಿವೆ. ಅಜ್ಜಿಯ ಹೆಸರು ಈಗ ನಮಗೆ ಗೊತ್ತು. ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ "ಊರ ಹೆಸರು ಬರೀರಿ, ಸಾಕು" ಎಂದರು.